ಟೀವಿಯಲ್ಲಿ ಏಕಾಗ್ರತೆ, ಸ್ಟಾಫ್ ರೂಮಿನಲ್ಲಿ ಹುಚ್ಚು

ಮೊನ್ನೆ ಭಾನುವಾರ ಮಧ್ಯಾಹ್ನ ಅವರೆಕಾಯಿ ಬಿಡಿಸ್ತಾ ಟೀವಿ ಮುಂದೆ ಕೂತಿದ್ದೆ. ರಿಮೋಟು ನಮ್ಮ ಯಜಮಾನರ ಕೈಯಲ್ಲಿತ್ತು. ಮೂವತ್ತೈದು ವರ್ಷ ಮೂಡಿಗೆರೆ ಸುತ್ತಮುತ್ತ ಎಸ್ಟೇಟುಗಳಲ್ಲಿ ಆಳುಗಳ ಲೆಕ್ಕ ನೋಡುವ ರೈಟರ್ ಆಗಿದ್ದ ಮನುಷ್ಯ. ಆಳುಗಳ ಮೇಲೆ ನಡೆಯುತ್ತಿದ್ದ ದರ್ಬಾರು ಈಗ ರಿಮೋಟಿನ ಮೇಲೆ ನಡೆಯುತ್ತಿದೆ. ಅವರಿಗೆ ಸೀರಿಯಲ್ ಆಗುವುದಿಲ್ಲ, ಕ್ರೀಡೆಯೇ ಆಗಬೇಕು. ಸ್ವತಃ ಅವರು ಕೊನೆಯ ಸಲ ಓಡಿದ್ದು ತೋಟಕ್ಕೆ ಆನೆ ಬಂದಾಗ.

ಅವತ್ತು ಹಾಕಿದ್ದು ಯಾವುದೋ ಚಳಿ ದೇಶದ ಆಟಗಾರ್ತಿಯ ಮೇಲೆ ತೆಗೆದ ಸಾಕ್ಷ್ಯಚಿತ್ರ. ತಟ್ಟೆ ಎಸೆಯುವ ಆಟ, ಡಿಸ್ಕಸ್ ಅಂತಾರಲ್ಲ, ಅದು. ಆ ಹುಡುಗಿ ಪ್ರತಿ ಸಲ ಎಸೆಯುವ ಮೊದಲು ತಟ್ಟೆಯನ್ನು ಎಡತೋಳಿಗೆ ಮೂರು ಸಲ ಒರೆಸುತ್ತಾಳೆ. ನಾಲ್ಕಲ್ಲ, ಎರಡಲ್ಲ. ವರ್ಷಾನುಗಟ್ಟಲೆ ಒಂದೇ ಬೂದು ಟೋಪಿ. ಬೆಳಿಗ್ಗೆ ಒಂದೇ ತಿಂಡಿ, ಅದೂ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ. ಸಂದರ್ಶನ ಮಾಡುವವನು ಎದುರು ಕೂತು ಹಲ್ಲು ಕಿರಿದರೆ ಇವಳು ಅವನ ಬೂಟು ನೋಡುತ್ತಾಳೆ. "ಗೆದ್ದಾಗ ಏನನ್ನಿಸಿತು?" ಅಂತ ಕೇಳಿದ. "ತಟ್ಟೆ ದೂರ ಬಿತ್ತು ಅನ್ನಿಸಿತು" ಅಂದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ ಕೂಡಲೇ ಎರಡೂ ಕಿವಿ ಮುಚ್ಚಿಕೊಂಡು ಸಾಮಾನು ಇಡುವ ಕೋಣೆಗೆ ಓಡಿದಳು. ಹಿಂದೆ ಪಿಟೀಲು ಶುರುವಾಯಿತು. ಗಂಭೀರ ದನಿಯವನೊಬ್ಬ, ಇದು ಸಾಧನೆಯ ಏಕಾಂತ, ಇದು ತಪಸ್ಸು ಅನ್ನುವ ಅರ್ಥದಲ್ಲಿ ಏನೇನೋ ಹೇಳಿದ.

"ನೋಡೇ, ಏಕಾಗ್ರತೆ ಅಂದ್ರೆ ಇದು!" ಅಂತ ಯಜಮಾನರು ತೊಡೆ ತಟ್ಟಿಕೊಂಡರು. "ನಮ್ಮವರಿಗೆ ಎಲ್ಲಿಂದ ಬರ್ಬೇಕು ಹೇಳು?"

ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. "ರೀ, ಇವಳು ನಮ್ಮ ಗಣಿತದ ಮೇಡಮ್ಮು ಕಣ್ರೀ" ಅಂದೆ.

"ಯಾವ ಗಣಿತದ ಮೇಡಮ್ಮು? ಆ ಒಂದು ಸುತ್ತು ಕಮ್ಮಿ ಇದ್ರಲ್ಲ, ಅವರಾ?"

ನೋಡಿ, ಇದೇ ಬಾಯಿ. ಒಂದು ನಿಮಿಷದ ಹಿಂದೆ ತಪಸ್ಸು ಕಂಡ ಬಾಯಿ. ಬೈಯೋಣ ಅಂದರೆ ನನಗೆ ಆ ಯೋಗ್ಯತೆ ಇಲ್ಲ. ಯಾಕೆ ಇಲ್ಲ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೆ ಸರಿಯಾಗಿ ಹಿಂದಿನ ವಾರವೇ ಕಳಸದ ಕಡೆಯ ಒಂದು ಶಾಲೆಯಿಂದ ಫೋನ್ ಬಂದಿತ್ತು. ಗಣಿತದ ಮೇಡಂ ತಿಂಗಳ ಕೊನೆಗೆ ನಿವೃತ್ತಿ ಆಗ್ತಿದ್ದಾರೆ, ಬೀಳ್ಕೊಡುಗೆ ಇಟ್ಟುಕೊಂಡಿದ್ದೇವೆ, ನೀವು ಬಂದು ಅವರ ಬಗ್ಗೆ ಎರಡು ಮಾತಾಡಬೇಕು ಅಂತ ಅಲ್ಲಿಯ ಹೆಡ್‌ಮೇಷ್ಟ್ರು. "ನಾನ್ಯಾಕೆ ಸರ್?" ಅಂದೆ. "ಅವರೇ ನಿಮ್ಮ ಹೆಸರು ಕೊಟ್ಟಿದ್ದು ಮೇಡಂ" ಅಂದರು. ಫೋನ್ ಇಟ್ಟ ಮೇಲೆ ಕಾಲು ಗಂಟೆ ಅಲ್ಲೇ ಕೂತಿದ್ದೆ. ಆಕೆಯನ್ನು ನಮ್ಮ ಶಾಲೆಯಿಂದ ಕಳಸದ ಕಡೆಗೆ ಅಟ್ಟಿದ ಅರ್ಜಿಗೆ ನನ್ನ ಸಹಿಯೂ ಇತ್ತು. ಅದು ಆಕೆಗೆ ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಎಂಟು ವರ್ಷದಿಂದ ಗೊತ್ತುಮಾಡಿಕೊಳ್ಳುವ ಧೈರ್ಯವೂ ಬಂದಿರಲಿಲ್ಲ. ಈಗ ಅದೇ ಹೆಂಗಸಿಗೆ ಶಾಲು ಹೊದಿಸುವಾಗ ಪಕ್ಕದಲ್ಲಿ ನಿಂತು ನಾನೇ ಹೊಗಳಬೇಕು. ನಿಜ ಹೇಳಬೇಕೋ, ಎಲ್ಲರ ಹಾಗೆ ಹೊಗಳಿ ಊಟ ಮಾಡಿ ಬರಬೇಕೋ ಅನ್ನುವುದೇ ನನ್ನ ಮುಂದಿದ್ದ ಪ್ರಶ್ನೆ.

ಹೆಸರು ಬರೆಯುವುದಿಲ್ಲ. ನಮ್ಮ ಶಾಲೆ ಬಣಕಲ್ ಸುತ್ತಿನಲ್ಲಿ ಎಲ್ಲೋ ಇತ್ತು ಅಂತ ಇಟ್ಟುಕೊಳ್ಳಿ. ಒಂದರಿಂದ ಏಳನೇ ಕ್ಲಾಸು, ಐದು ಜನ ಮೇಷ್ಟ್ರುಗಳು, ಸುತ್ತ ತೋಟ, ತೋಟದ ಕೂಲಿಯವರ ಸಾಲುಮನೆಗಳಿಂದ, ಅಂದರೆ ಲೈನುಗಳಿಂದ, ಬರುವ ಮಕ್ಕಳು. ನಾನು ಸಮಾಜ ವಿಜ್ಞಾನ. ಅಂದರೆ ಸಮಾಜದಲ್ಲಿ ಹೇಗೆ ಬದುಕಬೇಕು ಅಂತ ಮಕ್ಕಳಿಗೆ ಕಲಿಸುವವಳು. ನಗು ಬಂದರೆ ನಕ್ಕುಬಿಡಿ.

ಆಕೆ ಬಂದ ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಅದು ನನ್ನ ಕುರ್ಚಿ. "ಮೇಡಂ, ಅದು ನನ್ನ ಜಾಗ" ಅಂದೆ. ಕುರ್ಚಿಯನ್ನು ತಿರುಗಿಸಿ, ಬಗ್ಗಿ, ಅಡಿಯಲ್ಲಿ ನೋಡಿ, "ಹೆಸರಿಲ್ಲ" ಅಂದರು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಇಲ್ಲ ಮಾರಾಯ್ರೆ, ನಿಜವಾಗಲೂ ಹೆಸರು ಹುಡುಕಿದ್ದರು. ಆಮೇಲೆ ಪಕ್ಕದ ಕುರ್ಚಿಗೆ ಸರಿದು ಕೂತರು. ಅಲ್ಲಿಂದ ಮುಂದೆ ಅಲ್ಲಿ ಇದ್ದಷ್ಟು ವರ್ಷವೂ ಅದೇ ಕುರ್ಚಿ, ನನ್ನ ಪಕ್ಕ.

ಊಟಕ್ಕೆ ದಿನಾ ಎರಡು ಅಕ್ಕಿರೊಟ್ಟಿ, ಪಲ್ಯ ಬೇರೆ ಡಬ್ಬಿಯಲ್ಲಿ. ಪಲ್ಯದ ರಸ ರೊಟ್ಟಿಗೆ ತಾಗಿದರೆ ಆ ರೊಟ್ಟಿ ಮುಟ್ಟುತ್ತಿರಲಿಲ್ಲ. ಗಾಂಧಿ ಜಯಂತಿಗೂ ಅದೇ, ದೀಪಾವಳಿ ಮಾರನೇ ದಿನವೂ ಅದೇ. ನಾನು ಒಮ್ಮೆ ಕಡುಬು ಕೊಟ್ಟೆ. "ಬೇಡ" ಅಂದರು. ಬೇರೆಯವರಾದರೆ ಅಯ್ಯೋ ಹೊಟ್ಟೆ ತುಂಬಿದೆ, ನಿಮ್ಮ ಕೈರುಚಿಗೆ ಸಾಟಿ ಇಲ್ಲ, ನಾಳೆ ತಿಂತೀನಿ ಅಂತ ಹತ್ತು ಸುಳ್ಳು ಹೇಳಿ ಮನಸ್ಸು ಕಾಯುತ್ತಾರೆ. ಈಕೆ ಒಂದೇ ಪದದಲ್ಲಿ ಮುಗಿಸಿದರು. ಆ ಕಡುಬಿನ ಸಿಟ್ಟು ನನಗೆ ಮೂರು ತಿಂಗಳು ಇತ್ತು. ಅಷ್ಟು ದೊಡ್ಡ ಮನಸ್ಸು ನನ್ನದು.

ನಾನು ಬಾಯಿಬಡುಕಿ. ವ್ಯಂಗ್ಯ ಇಲ್ಲದೆ ನನಗೆ ಒಂದು ವಾಕ್ಯ ಮುಗಿಸಲು ಬರುವುದಿಲ್ಲ. ನನ್ನ ಮಾತಿಗೆ ಹೆಡ್‌ಮೇಷ್ಟ್ರೇ ಹೆದರುತ್ತಿದ್ದರು. ಈಕೆಯ ಹತ್ತಿರ ಮಾತ್ರ ನನ್ನ ಆಟ ನಡೆಯಲಿಲ್ಲ. ತಿಂಗಳಿಗೆ ಇಪ್ಪತ್ತು ದಿನ ಅದೇ ನೀಲಿ ಅಂಚಿನ ಕಾಟನ್ ಸೀರೆ ಉಟ್ಟು ಬರುತ್ತಿದ್ದರು. "ಏನ್ ಮೇಡಂ, ದಿನಕ್ಕೊಂದು ಹೊಸ ಸೀರೆ ಉಟ್ಟು ನಮ್ಮ ಹೊಟ್ಟೆ ಉರಿಸ್ತೀರಾ" ಅಂದೆ. ಉಳಿದವರು ಮುಸಿಮುಸಿ ನಕ್ಕರು. ಆಕೆ ಸೀರೆ ಮುಟ್ಟಿ ನೋಡಿಕೊಂಡು, "ಇದು ಹಳೇದು. ನಿಮಗೆ ಹೊಟ್ಟೆ ಉರಿತಾ ಇದ್ರೆ ಮಜ್ಜಿಗೆ ಕುಡೀರಿ" ಅಂದರು. ಆಕೆಯ ಮುಖದಲ್ಲಿ ನಗು ಇರಲಿಲ್ಲ. ಪಾಪ, ನನ್ನ ಆರೋಗ್ಯ ವಿಚಾರಿಸಿದ್ದು ಅದು.

ನನ್ನ ಮಗಳ ಮದುವೆ ಕಾಗದದಲ್ಲಿ ಹತ್ತು ಐವತ್ತಕ್ಕೆ ಮುಹೂರ್ತ ಅಂತ ಅಚ್ಚು ಹಾಕಿಸಿದ್ದೆವು. ಎಲ್ಲರ ಹಾಗೆ ನಾವೂ ತಡವಾಗಿ ಹೊರಟಿದ್ದೆವು. ಛತ್ರ ತಲುಪಿದಾಗ ಆಕೆ ಮೊದಲ ಸಾಲಿನಲ್ಲಿ ಒಬ್ಬರೇ ಕೂತಿದ್ದರು. "ಹನ್ನೊಂದು ಇಪ್ಪತ್ತು ಆಗಿದೆ. ಮುಹೂರ್ತ ಮುಗಿದಿದೆ. ಮದುವೆ ಇನ್ನೂ ಆಗಿಲ್ಲ" ಅಂತ ನಮ್ಮ ಬೀಗಿತ್ತಿಯ ಎದುರೇ ವರದಿ ಒಪ್ಪಿಸಿದರು. ಬೀಗಿತ್ತಿ ಇವತ್ತಿಗೂ ಆ ಮಾತು ತೆಗೆದು ಚುಚ್ಚುತ್ತಾಳೆ.

ಗಂಟೆ ಬಾರಿಸುವಾಗ ಮಾತ್ರ ಪ್ರತಿ ಸಲ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮ್ಮಲ್ಲಿ ಗಂಟೆ ಅಂದರೆ ತೂಗುಹಾಕಿದ ಹಳೆಯ ರೈಲು ಕಂಬಿಯ ತುಂಡು. ಬಡಿದರೆ ನಮಗೆಲ್ಲ ಊಟದ ನೆನಪಾಗುತ್ತಿತ್ತು, ಆಕೆಯ ಮುಖ ಮಾತ್ರ ಹಿಂಡಿದ ಹಾಗೆ ಆಗುತ್ತಿತ್ತು. ಐದು ನಿಮಿಷ ಮೊದಲೇ ಹೊರಗೆ ಹೋಗಿ ಬೇಲಿಯ ಹತ್ತಿರ ನಿಂತುಬಿಡುತ್ತಿದ್ದರು. ನಾವು ಅದಕ್ಕೆ ಏನು ಮಾಡಿದೆವು? ಬಾರಿಸುವ ಹೊತ್ತು ಒಂದೆರಡು ಸಲ ಬೇಕಂತಲೇ ಹಿಂದೆ ಮುಂದೆ ಮಾಡಿದೆವು. ತಮಾಷೆಗೆ. ಡಿಗ್ರಿ, ಬಿ.ಎಡ್. ಎಲ್ಲ ಮಾಡಿಕೊಂಡವರ ತಮಾಷೆ ಅದು.

ಇನ್ನು ಆಟದ ವಿಷಯ. ವರ್ಷಕ್ಕೊಂದು ಸಲ ಶಿಕ್ಷಕರ ಕ್ರೀಡಾಕೂಟ ಅಂತ ಆಗುತ್ತದೆ. ವರ್ಷವಿಡೀ ಮಕ್ಕಳಿಗೆ "ಓಡಿ, ಓಡಿ" ಅನ್ನುವವರು ಒಂದು ದಿನ ಸ್ವತಃ ಓಡಿ ಮಂಡಿ ಹಿಡಿದುಕೊಂಡು ಕೂರುವ ಹಬ್ಬ. ಮಹಿಳೆಯರಿಗೆ ಥ್ರೋಬಾಲ್. ನಮ್ಮ ಸುತ್ತಿನ ಟೀಮಿಗೆ ನಾನೇ ಕ್ಯಾಪ್ಟನ್. ನನ್ನ ದನಿ ದೊಡ್ಡದು ಅನ್ನುವುದೊಂದೇ ನನ್ನ ಅರ್ಹತೆ. ಒಂದು ವರ್ಷ ಒಬ್ಬರು ಕಡಿಮೆ ಬಿದ್ದರು ಅಂತ ಈಕೆಯನ್ನು ಎಳೆದುಕೊಂಡು ಹೋದೆ.

ಮೂಡಿಗೆರೆ ಮೈದಾನದಲ್ಲಿ ಅವತ್ತು ನಾವು ಕಂಡದ್ದೇ ಬೇರೆ. ಚೆಂಡನ್ನು ಸೆರಗಿಗೆ ಮೂರು ಸಲ ಒರೆಸಿದರು. ನೆಲ ನೋಡಿದರು. ಎಸೆದರು. ಎದುರು ಕೋರ್ಟಿನ ಎಡಮೂಲೆ, ಗೆರೆಯಿಂದ ಒಂದು ಗೇಣು ಒಳಗೆ. ಮತ್ತೆ ಒರೆಸಿದರು, ನೆಲ, ಎಸೆತ, ಅದೇ ಗೇಣು. ಎದುರಿನವರು ಆ ಮೂಲೆಗೆ ಮೂವರನ್ನು ನಿಲ್ಲಿಸಿದರು. "ಈಗ ಬಲಕ್ಕೆ ಹಾಕಿ ಮೇಡಂ!" ಅಂತ ಕೂಗಿದೆ. ಹಾಕಿದರು. ಬಲಮೂಲೆ, ಒಂದು ಗೇಣು ಒಳಗೆ. ತಾಲ್ಲೂಕಿಗೆ ನಾವೇ ಮೊದಲು. ಶಿಕ್ಷಣ ಇಲಾಖೆಯ ಸಾಹೇಬರು ಬಂದು, "ಎಂಥಾ ಏಕಾಗ್ರತೆ ಮೇಡಂ ನಿಮ್ಮದು! ಕಲಿಯಬೇಕು ನೋಡ್ರಿ ಇವರಿಂದ" ಅಂದರು. ನೋಡಿದಿರಾ, ಆಗಲೂ ಅದೇ ಪದ. ಆಕೆ ಸಾಹೇಬರ ಬೆಲ್ಟ್ ನೋಡುತ್ತಾ, "ನಿಮ್ಮ ಬೆಲ್ಟಿನ ಒಂದು ತೂತು ಹರಿದಿದೆ" ಅಂದರು. ಗೆದ್ದ ದಿನ ಆದ್ದರಿಂದ ಎಲ್ಲರೂ ನಕ್ಕೆವು. ಜೀಪಿನಲ್ಲಿ ಬರುವಾಗ ನಾನೇ ಆಕೆಯ ಕೆನ್ನೆ ಹಿಂಡಿ "ನಮ್ಮ ಬಂಗಾರ" ಅಂದಿದ್ದೆ. ಆಕೆ ಕೆನ್ನೆ ಒರೆಸಿಕೊಂಡರು.

ಜಿಲ್ಲಾ ಮಟ್ಟದ ಪಂದ್ಯ ಚಿಕ್ಕಮಗಳೂರಿನಲ್ಲಿ. ಅಲ್ಲಿ ಕಂಬಕ್ಕೊಂದು ಮೈಕು, ಬ್ಯಾಂಡ್ ಸೆಟ್ಟು, ಪಾಯಿಂಟಿಗೊಂದು ಪಟಾಕಿ. ಎರಡನೇ ಪಟಾಕಿಗೆ ಆಕೆ ಚೆಂಡನ್ನು ಮೆಲ್ಲಗೆ ನೆಲಕ್ಕಿಟ್ಟರು. ಕಿವಿ ಮುಚ್ಚಿಕೊಂಡು ಕೋರ್ಟಿನಿಂದ ಹೊರಗೆ ನಡೆದರು. ಹುಡುಕಿದರೆ ನಾವು ಬಂದ ವ್ಯಾನಿನ ಹಿಂದೆ, ಚಕ್ರಕ್ಕೆ ಒರಗಿ ಕೂತು ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದರು. ನಾವು ಸೋತೆವು. ಬರುವಾಗ ವ್ಯಾನಿನಲ್ಲಿ ಯಾರೂ ಆಕೆಯ ಹತ್ತಿರ ಮಾತಾಡಲಿಲ್ಲ. ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, "ಅದಕ್ಕೆ ಒಂದು ಸುತ್ತು ಕಮ್ಮಿ ಅಂತ ನಾನು ಆಗಲೇ ಹೇಳಿರ್ಲಿಲ್ವಾ" ಅಂದರು. ಹೌದು ಅಂದೆ. ಪದಕ ಬಂದರೆ ಏಕಾಗ್ರತೆ, ಪದಕ ತಪ್ಪಿದರೆ ಹುಚ್ಚು. ಆ ಚಳಿ ದೇಶದ ಹುಡುಗಿಯ ತಟ್ಟೆ ಹತ್ತಿರ ಬಿದ್ದಿದ್ದರೆ ಅವಳಿಗೂ ಪಿಟೀಲು ಬಾರಿಸುವವರು ಇರುತ್ತಿರಲಿಲ್ಲ.

ಗೊತ್ತಿರಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳೋಣ ಅಂದರೆ ಅದಕ್ಕೂ ದಾರಿ ಇಲ್ಲ. ಆಲ್ದೂರಿನಲ್ಲಿ ನಮಗೆಲ್ಲ ಮೂರು ದಿನದ ತರಬೇತಿ ಆಗಿತ್ತು. ವಿಶೇಷ ಅಗತ್ಯದ ಮಕ್ಕಳನ್ನು ಗುರುತಿಸುವುದು ಹೇಗೆ ಅಂತ. ನಾನು ಹೋಗಿದ್ದು ಮಧ್ಯಾಹ್ನದ ಊಟ ಚೆನ್ನಾಗಿರುತ್ತದೆ ಅಂತ. ಎರಡನೇ ದಿನ ಆಟಿಸಂ. ಬಂದಿದ್ದ ಹುಡುಗಿ ಚೆನ್ನಾಗಿಯೇ ಹೇಳುತ್ತಿದ್ದಳು, ಒಂದು ಪಟ್ಟಿಯನ್ನೂ ಹಂಚಿದಳು. ಕಣ್ಣು ಕೊಟ್ಟು ನೋಡದಿರಬಹುದು. ದೊಡ್ಡ ಸದ್ದು ಸಹಿಸದಿರಬಹುದು. ದಿನಚರಿ ಬದಲಾದರೆ ಕಷ್ಟ. ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಹುದು. ನಾನು ಆ ಹಾಳೆಯಲ್ಲಿ ಎಣ್ಣೆ ವಡೆ ಸುತ್ತಿಟ್ಟುಕೊಂಡೆ. ಪಕ್ಕದಲ್ಲಿ ಆಕೆ ಅಡಿಪಟ್ಟಿ ಇಟ್ಟು ಒಂದೊಂದೇ ಸಾಲಿಗೆ ಗೆರೆ ಎಳೆಯುತ್ತಿದ್ದರು. ಎಲ್ಲಾ ಸಾಲಿಗೂ ಎಳೆದಾದ ಮೇಲೆ ಹಾಳೆಯನ್ನು ನನ್ನ ಕಡೆ ಸರಿಸಿ, "ಇದು ನಾನು" ಅಂದರು.

ಆಕೆ ತಾನಾಗಿ ನನಗೆ ತನ್ನ ಬಗ್ಗೆ ಹೇಳಿದ ಮಾತು ಅದೊಂದೇ.

ನಾನು ಏನಂದೆ ಗೊತ್ತಾ? "ಸುಮ್ನಿರಿ ಮೇಡಂ, ಅದು ಮಕ್ಕಳಿಗೆ ಬರೋದು" ಅಂದೆ. "ನಾನೂ ಮಗು ಆಗಿದ್ದೆ" ಅಂದರು ಆಕೆ. ಅಷ್ಟರಲ್ಲಿ ಪಾಯಸ ಬಂತು. ನಾನು ಆ ಕಡೆ ತಿರುಗಿದೆ.

ನಾನು ಡಾಕ್ಟರಲ್ಲ. ಒಂದು ಸಿನಿಮಾ ನೋಡಿ ಊರಿನವರಿಗೆಲ್ಲ ಕಾಯಿಲೆ ಹಂಚುವ ಚಾಳಿ ಈಗ ಎಲ್ಲರಿಗೂ ಇದೆ, ನನಗೆ ಬೇಡ. ಟೀವಿಯ ಆ ಹುಡುಗಿಗೆ ಏನು ಹೆಸರಿಡಬೇಕು ಅಂತ ನನಗೆ ಗೊತ್ತಿಲ್ಲ, ಆ ಚಿತ್ರದಲ್ಲಿ ಯಾರೂ ಆ ಪದ ಎತ್ತಲೂ ಇಲ್ಲ. ಆದರೆ ಗಣಿತದ ಮೇಡಂ ವಿಷಯದಲ್ಲಿ ನನಗೆ ಹೆಸರು ಹುಡುಕುವ ಕೆಲಸವೇ ಇರಲಿಲ್ಲ. ಸ್ವತಃ ಅವರೇ ಗೆರೆ ಎಳೆದು ಕೊಟ್ಟಿದ್ದರು.

ಈಗ ಅರ್ಜಿಯ ಕಥೆ. ನಮ್ಮ ಕಡೆಯ ಶಾಲೆಗಳ ಒಂದು ಪದ್ಧತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕಾಫಿ ಕೊಯ್ಲು ಶುರುವಾದರೆ ಲೈನಿನ ಮಕ್ಕಳು ಅಪ್ಪ ಅಮ್ಮನ ಹಿಂದೆ ತೋಟಕ್ಕೆ ಹೋಗುತ್ತಾರೆ. ಚಿಕ್ಕವನ್ನು ನೋಡಿಕೊಳ್ಳಲು ಕೆಲವರು, ಉದುರಿದ ಹಣ್ಣು ಆರಿಸಲು ಕೆಲವರು. ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ. ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲರೂ ಹಾಜರ್. ನಮ್ಮ ಶಾಲೆಯಲ್ಲಿ ಅದು ತಲೆಮಾರಿನಿಂದ ನಡೆದು ಬಂದಿತ್ತು. ಯಾರೂ ಅದನ್ನು ಸುಳ್ಳು ಅಂತ ಕರೆಯುತ್ತಿರಲಿಲ್ಲ, "ಹೊಂದಿಸಿಕೊಂಡು ಹೋಗೋದು" ಅನ್ನುತ್ತಿದ್ದೆವು. ಮಕ್ಕಳ ಸಂಖ್ಯೆ ಕಡಿಮೆ ಕಂಡರೆ ಒಬ್ಬ ಮೇಷ್ಟ್ರು ಹೆಚ್ಚುವರಿ ಅಂತ ಎತ್ತಿ ಬೇರೆ ಕಡೆ ಹಾಕುತ್ತಾರೆ. ನಮ್ಮಲ್ಲಿ ಹಾಗೆ ಎತ್ತಿದರೆ ಹೋಗಬೇಕಾದವಳು ನಾನು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಯಜಮಾನರ ಕೆಲಸ ಇಲ್ಲೇ. ನಾನು ಹೋಗುವ ಹಾಗೆ ಇರಲಿಲ್ಲ.

ಗಣಿತದ ಮೇಡಂ ಬಂದಿದ್ದ ಮಗುವಿಗೆ ಹಾಜರ್, ಬಾರದಿದ್ದ ಮಗುವಿಗೆ ಗೈರು ಹಾಕುತ್ತಿದ್ದರು. ಹಳೆಯ ಹೆಡ್‌ಮೇಷ್ಟ್ರು ಆಕೆಯ ಪುಸ್ತಕವನ್ನು ಕೊನೆಯಲ್ಲಿ ತಾವೇ ನಕಲು ಮಾಡಿ ಸರಿಪಡಿಸಿಕೊಳ್ಳುತ್ತಿದ್ದರು. ಹೊಸಬರು ಬಂದ ಮೇಲೆ ಕೂರಿಸಿಕೊಂಡು ಬುದ್ಧಿ ಹೇಳಿದರು. "ಮೇಡಂ, ಮಕ್ಕಳು ಎಲ್ಲಿ ಹೋಗ್ತವೆ? ಇಲ್ಲೇ ತೋಟದಲ್ಲೇ ಇರ್ತವಲ್ಲ. ಹಾಜರ್ ಹಾಕಿ."

"ತೋಟದಲ್ಲಿ ಇದ್ದರೆ ಶಾಲೆಯಲ್ಲಿ ಇಲ್ಲ" ಅಂದರು ಆಕೆ.

ಅಷ್ಟಕ್ಕೇ ಬಿಟ್ಟರಾ? ಸಂಜೆ ಐದಕ್ಕೆ ರಕ್ತ ಹೀರುವ ಇಂಬಳ ಕಚ್ಚಿಸಿಕೊಂಡು ತೋಟದ ದಾರಿಯಲ್ಲಿ ಲೈನಿಗೆ ನಡೆದು ಹೋಗಿ, ಗೈರಾದ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಅವತ್ತಿನ ಲೆಕ್ಕ ಹೇಳಿಕೊಡುತ್ತಿದ್ದರು. "ಯಾಕೆ ಮೇಡಂ, ಯಾರು ಹೇಳಿದ್ರು ನಿಮಗೆ?" ಅಂತ ಕೇಳಿದೆ. "ಗೈರು ಅಂದರೆ ಪಾಠ ಆಗಿಲ್ಲ. ಪಾಠ ಆಗಬೇಕು" ಅಂದರು. ನಮಗೆ ಅದು ಇನ್ನೂ ಸಿಟ್ಟು ತರಿಸಿತು. ಒಬ್ಬರು ಹೀಗೆ ಮಾಡಿದರೆ ನಾವು ಐದು ಗಂಟೆಗೆ ಮನೆಗೆ ಹೋಗುವುದು ಎದ್ದು ಕಾಣುತ್ತದೆ ನೋಡಿ.

ಒಂದು ಜನವರಿಯಲ್ಲಿ ಮೇಲಿನಿಂದ ತಪಾಸಣೆ ಬಂತು. ನನ್ನ ಕ್ಲಾಸಿನ ಪುಸ್ತಕದಲ್ಲಿ ಎಲ್ಲರೂ ಹಾಜರ್, ಬೆಂಚಿನ ಮೇಲೆ ಒಂಬತ್ತು ಮಕ್ಕಳು. ಆಕೆಯ ಪುಸ್ತಕದಲ್ಲಿ ಹನ್ನೊಂದು, ಬೆಂಚಿನ ಮೇಲೂ ಹನ್ನೊಂದು. ಎಲ್ಲರಿಗೂ ನೋಟಿಸು ಬಂತು, ಆಕೆಯೊಬ್ಬರನ್ನು ಬಿಟ್ಟು. ಅವತ್ತು ಸ್ಟಾಫ್ ರೂಮಿನಲ್ಲಿ ತಪ್ಪಿತಸ್ಥರು ಯಾರು ಅಂತ ನಾಲ್ಕು ಜನ ಸೇರಿ ತೀರ್ಮಾನ ಮಾಡಿದೆವು. ನಿಜ ಬರೆದವರೇ ತಪ್ಪಿತಸ್ಥರು ಅಂತ ಆಯಿತು. ನಮ್ಮ ನ್ಯಾಯಕ್ಕೆ ಮೇಲ್ಮನವಿ ಇಲ್ಲ.

ಅರ್ಜಿ ಬರೆದಿದ್ದು ಹೆಡ್‌ಮೇಷ್ಟ್ರು. "ಸದರಿ ಶಿಕ್ಷಕಿಯವರು ಮಾನಸಿಕ ಅಸ್ವಸ್ಥರಂತೆ ವರ್ತಿಸುತ್ತಿದ್ದು, ಮಕ್ಕಳ ಹಿತದೃಷ್ಟಿಯಿಂದ ಇವರನ್ನು ಬೇರೆಡೆಗೆ ವರ್ಗಾಯಿಸಬೇಕಾಗಿ..." ಅಂತ ಶುರು. ಆಧಾರ ಬೇಕಲ್ಲ? ಹಿರಿಯರ ಮುಖ ನೋಡಿ ಮಾತಾಡುವುದಿಲ್ಲ. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಜಿಲ್ಲಾ ಪಂದ್ಯದಲ್ಲಿ ನಡುವೆ ಎದ್ದು ಹೋಗಿ ತಾಲ್ಲೂಕಿನ ಮಾನ ಕಳೆದಿದ್ದಾರೆ. ದಿನಾ ಒಂದೇ ಆಹಾರ. ಇದನ್ನೆಲ್ಲ ಒಂದೊಂದಾಗಿ ನೆನಪು ಮಾಡಿ ಹೇಳಿದವಳು ನಾನು. ಆಲ್ದೂರಿನಲ್ಲಿ ಆಕೆ ನನ್ನ ಮುಂದೆ ಸರಿಸಿದ ಅದೇ ಪಟ್ಟಿ. ಅದನ್ನೇ ನಾನು ಆಕೆಯ ಮೇಲೆ ಸಾಕ್ಷಿ ಮಾಡಿ ಕೊಟ್ಟೆ. ಆಮೇಲೆ ಸಹಿ ಹಾಕಿದೆ. ಮನೆಗೆ ಹೋಗಿ ಸಾರು ಮಾಡಿದೆ.

ಒಂದೂವರೆ ತಿಂಗಳಿಗೆ ಆದೇಶ ಬಂತು. ಕೊನೆಯ ದಿನ ಆಕೆ ಸೀಮೆಸುಣ್ಣದ ಡಬ್ಬಿ, ಬೀರುವಿನ ಕೀಲಿ ಎಲ್ಲ ಒಪ್ಪಿಸಿ ನನ್ನ ಹತ್ತಿರ ಬಂದು, "ನಾಳೆಯಿಂದ ನಾನು ಊಟಕ್ಕೆ ನಿಮ್ಮ ಪಕ್ಕ ಇರಲ್ಲ" ಅಂತ ತಿಳಿಸಿದರು.

"ಹೌದು ಮೇಡಂ. ತುಂಬಾ ಬೇಜಾರಾಗ್ತಿದೆ" ಅಂದೆ.

"ನಿಜವಾಗಲೂ?" ಅಂದರು, ನನ್ನ ಚಪ್ಪಲಿ ನೋಡುತ್ತಾ.

"ನಿಜವಾಗಲೂ" ಅಂದೆ.

ಆಮೇಲೆ ನಾನು ಅದೇ ಶಾಲೆಯಲ್ಲಿ, ಅದೇ ಕುರ್ಚಿಯಲ್ಲಿ ಏಳು ವರ್ಷ ಕೂತು ಹೋದ ವರ್ಷ ನಿವೃತ್ತಿಯಾದೆ. ನನಗೂ ಶಾಲು ಹೊದಿಸಿದರು. ಆದರ್ಶ ಶಿಕ್ಷಕಿ ಅಂದರು. ನಾನು ತಲೆಯಾಡಿಸಿದೆ.

ಕಳಸಕ್ಕೆ ಹೊರಟ ಬೆಳಿಗ್ಗೆ ಯಜಮಾನರು ಬಸ್‌ಸ್ಟ್ಯಾಂಡ್ ತನಕ ಬಂದು ಬುದ್ಧಿ ಹೇಳಿದರು. "ನಾಲ್ಕು ಒಳ್ಳೇ ಮಾತಾಡಿ, ಉಂಡು ಬಾ. ಆರಿದ ಗಾಯ ಕೆರೀಬೇಡ ಮಾರಾಯ್ತಿ. ಅವರಿಗೆ ಗೊತ್ತೇ ಇರಲ್ಲ, ಸುಮ್ನೆ ನೀನ್ಯಾಕೆ ಹೇಳ್ತೀಯ?" ಒಳ್ಳೆಯ ಸಲಹೆ. ಕೊಟ್ಟಿಗೆಹಾರ ದಾಟುವವರೆಗೂ ನಾನು ಅದನ್ನು ಒಪ್ಪಿಕೊಂಡಿದ್ದೆ. ಬ್ಯಾಗಿನಲ್ಲಿ ಭಾಷಣ ಬರೆದಿಟ್ಟುಕೊಂಡಿದ್ದೆ. ಕರ್ತವ್ಯನಿಷ್ಠೆ, ಸಮಯಪಾಲನೆ, ಸರಳತೆ. ಯಾರ ಬೀಳ್ಕೊಡುಗೆಗೂ ಆಗುವಂಥದ್ದು, ಹೆಸರು ಮಾತ್ರ ಬದಲಾಯಿಸಿದರೆ ಸಾಕು. ತಿರುವು ತಿರುವಿಗೂ ಆ ಡಿಸ್ಕಸ್ ಹುಡುಗಿ ಕಿವಿ ಮುಚ್ಚಿಕೊಂಡು ಓಡಿದ್ದು ಕಣ್ಣ ಮುಂದೆ ಬರುತ್ತಿತ್ತು.

ಅಲ್ಲಿ ಮೈಕು ಇರಲಿಲ್ಲ. ಆಕೆ ವೇದಿಕೆಗೆ ಬಂದಾಗ ಮಕ್ಕಳು ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಿದರು. ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರೆ ಹೆಡ್‌ಮೇಷ್ಟ್ರು, "ನಮ್ಮಲ್ಲಿ ಹೀಗೇ ಮೇಡಂ. ಅವರಿಗೆ ಸದ್ದು ಆಗಲ್ಲ ಅಂದ್ರು, ಮಕ್ಕಳೇ ಕಂಡುಹಿಡಿದ್ವು" ಅಂದರು. ಎಷ್ಟು ಸುಲಭ ಇತ್ತು ನೋಡಿ. ಬಿ.ಎಡ್. ಬೇಕಿರಲಿಲ್ಲ, ತರಬೇತಿ ಬೇಕಿರಲಿಲ್ಲ.

ಊರಿನ ಹಿರಿಯರೊಬ್ಬರು ಮಾತಾಡಿ, "ಮೇಡಂ ಅವ್ರು ದೇವರಂಥವರು" ಅಂದರು. "ಅಲ್ಲ" ಅಂತ ಆಕೆ ಕೂತಲ್ಲಿಂದಲೇ ತಿದ್ದಿದರು. ಮಕ್ಕಳು ನಕ್ಕವು. ಆಮೇಲೆ ನನ್ನನ್ನು ಕರೆದರು.

ಬರೆದಿದ್ದ ಹಾಳೆ ತೆಗೆದೆ. "ಕರ್ತವ್ಯನಿಷ್ಠೆಗೆ ಇನ್ನೊಂದು ಹೆಸರೇ..." ಅಂತ ಒಂದು ಸಾಲು ಓದಿದೆ. ಹಾಳೆ ಮಡಚಿದೆ. "ಇವರು ಇಲ್ಲಿಗೆ ವರ್ಗ ಆಗಿ ಬಂದಿದ್ದು ಒಂದು ಅರ್ಜಿಯಿಂದ" ಅಂದೆ. "ಇವರಿಗೆ ಬುದ್ಧಿ ಸರಿಯಿಲ್ಲ ಅಂತ ಬರೆದಿದ್ದ ಅರ್ಜಿ. ಸುಳ್ಳು ಹಾಜರಿ ಹಾಕಿದವಳು ನಾನು. ನಿಜ ಹಾಕಿದವರು ಇವರು. ನನ್ನ ಜಾಗ ಉಳಿಸಿಕೊಳ್ಳೋಕೆ ನಾನು ಅದಕ್ಕೆ ಸಹಿ ಹಾಕಿದೆ. ಬರೀ ಸಹಿ ಅಲ್ಲ, ಏನೇನು ಬರೀಬೇಕು ಅಂತ ಹೇಳಿಕೊಟ್ಟವಳೂ ನಾನೇ. ತಪ್ಪಾಯ್ತು."

ಹೆಡ್‌ಮೇಷ್ಟ್ರು ಕೆಮ್ಮಿದರು. ಹಿರಿಯರು ಸೂರು ನೋಡಿದರು. ಬೀಳ್ಕೊಡುಗೆಯಲ್ಲಿ ನಿಜ ಹೇಳಿದರೆ ಯಾವ ಮುಖ ಮಾಡಿಕೊಳ್ಳಬೇಕು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆಕೆ ಮಾತ್ರ ನನ್ನ ಸೀರೆಯ ಅಂಚು ನೋಡುತ್ತಾ, "ಹೌದು. ವರ್ಗದ ಆದೇಶದ ಜೊತೆ ಅರ್ಜಿಯ ಪ್ರತಿ ಕೊಟ್ಟಿದ್ದರು. ನಿಮ್ಮದು ನಾಲ್ಕನೇ ಸಹಿ" ಅಂದರು. ಸಿಟ್ಟಿಲ್ಲ, ಕೊಂಕಿಲ್ಲ. ವಿಷಯ ಸರಿಯಾಗಿದೆ ಅಂತ ಒಪ್ಪಿಗೆ ಕೊಟ್ಟ ಹಾಗೆ. ಶಾಲು ಹೊದಿಸಿದರು. ಅದು ಚುಚ್ಚುತ್ತದೆ ಅಂತ ತಕ್ಷಣ ತೆಗೆದು ಮಡಚಿ ಪಕ್ಕಕ್ಕಿಟ್ಟರು.

ಊಟಕ್ಕೆ ನನ್ನನ್ನು ಆಕೆಯ ಪಕ್ಕದಲ್ಲೇ ಕೂರಿಸಿದರು. ಅರ್ಧ ಊಟ ಆದ ಮೇಲೆ ಕೇಳಿಯೇಬಿಟ್ಟೆ. "ಮೊದಲೇ ಗೊತ್ತಿತ್ತಲ್ಲ ಮೇಡಂ. ಮತ್ತೆ ನನ್ನನ್ನೇ ಯಾಕೆ ಕರೆಸಿದ್ರಿ? ಅವಮಾನ ಮಾಡಬೇಕು ಅಂತ ಇದ್ದರೆ ಮಾಡಿ, ನಾನು ಅನುಭವಿಸ್ತೀನಿ."

"ಇಲ್ಲ" ಅಂದರು. "ಜೊತೆಯಲ್ಲಿ ಹೆಚ್ಚು ಕಾಲ ಕೆಲಸ ಮಾಡಿದವರು ಯಾರು ಅಂತ ಹೆಡ್‌ಮೇಷ್ಟ್ರು ಕೇಳಿದರು. ಅದು ನೀವು. ಒಂಬತ್ತು ವರ್ಷ ನಾಲ್ಕು ತಿಂಗಳು."

"ಅಷ್ಟೇನಾ?"

"ಮೊದಲು ಬೇರೆ ಪ್ರಶ್ನೆ ಕೇಳಿದ್ದರು. ನಿಮ್ಮ ಗೆಳತಿ ಯಾರಾದರೂ ಇದ್ದಾರಾ, ಕರೆಸೋಣ ಅಂದರು. ಯಾರೂ ಇಲ್ಲ ಅಂದೆ. ಆ ಅರ್ಜಿ ನೋಡೋವರೆಗೂ ಯಾರಾದರೂ ಕೇಳಿದರೆ ನಿಮ್ಮ ಹೆಸರು ಹೇಳ್ತಿದ್ದೆ."

ಅಷ್ಟು ಹೇಳಿ ಆಕೆ ಮಜ್ಜಿಗೆಗೆ ಲೋಟ ಒಡ್ಡಿದರು. ನಾನು ಎಲೆಯ ಮುಂದೆ, ಅಷ್ಟು ಜನರ ನಡುವೆ, ಕಣ್ಣು ಮೂಗು ಸುರಿಸಿಕೊಂಡು ಅತ್ತೆ. ಒಂಬತ್ತು ವರ್ಷ ನಾಲ್ಕು ತಿಂಗಳು ನನಗೊಬ್ಬಳು ಗೆಳತಿ ಇದ್ದಳು. ಅದು ಗೊತ್ತಿಲ್ಲದೆ ಇದ್ದದ್ದು ನನಗೊಬ್ಬಳಿಗೇ.